ತಾಯ್ತಂದೆಗಳ ಟಿಪ್ಪಣಿ ಪುಸ್ತಕ

ಅಮೆರಿಕಾ ಸಂಯುಕ್ತ ಸಂಸ್ಥಾನದ ಯಾವುದಾದರೊಂದು ಸರ್ಕಾರಿ ಪಾಠಶಾಲೆಯ ಕೊಠಡಿಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಉದ್ದನೆಯ ಮೇಜು. ಅದರ ಸುತ್ತ ತರಗತಿಯ ಉಪಾಧ್ಯಾಯಿನಿ, ವಿಶೇಷ ಶಿಕ್ಷಣದಲ್ಲಿ ತರಬೇತಿ ಪಡೆದ ಇನ್ನೊಬ್ಬ ಉಪಾಧ್ಯಾಯರು, ಶಾಲೆಯ ಮನಶ್ಶಾಸ್ತ್ರಜ್ಞೆ, ಮಾತಿನ ತೊಡಕುಗಳಿಗೆ ಚಿಕಿತ್ಸೆ ನೀಡುವ ತಜ್ಞೆ, ಶಾಲಾಡಳಿತದ ಪ್ರತಿನಿಧಿ, ಹೀಗೆ ಐದಾರು ಮಂದಿ ಕುಳಿತಿದ್ದಾರೆ. ಪ್ರತಿಯೊಬ್ಬರ ಮುಂದೆಯೂ ಅವರವರ ವರದಿಯಿದೆ. ಮೇಜಿನ ಒಂದು ಕೊನೆಯಲ್ಲಿ ತಾಯಿ ಮತ್ತು ತಂದೆ. ಅವರ ಮುಂದಿರುವುದು ನೀರಿನ ಲೋಟ ಮಾತ್ರ. ಇನ್ನೊಂದು ಗಂಟೆಯೊಳಗೆ, ಅವರ ಮಗು ಮುಂದಿನ ವರ್ಷವೆಲ್ಲ ಏನನ್ನು ಕಲಿಯಬೇಕು, ಯಾರಿಂದ ಕಲಿಯಬೇಕು, ವಾರಕ್ಕೆ ಎಷ್ಟು ನಿಮಿಷ, ಯಾವ ಕೊಠಡಿಯಲ್ಲಿ ಎಂಬುದೆಲ್ಲ ನಿಶ್ಚಯವಾಗತಕ್ಕದ್ದು.

ಅಲ್ಲಿ ಇದನ್ನು ಐ.ಇ.ಪಿ. ಸಭೆ ಎಂದು ಕರೆಯುತ್ತಾರೆ. ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಸಿದ್ಧಪಡಿಸುವ ಸಭೆ ಎಂದರ್ಥ. ಕಣ್ಣು, ಕಿವಿ, ಮಾತು, ಕೈಕಾಲು, ಗಮನ, ಓದುಬರಹ ಇವುಗಳಲ್ಲಿ ಯಾವುದಾದರೊಂದು ಕಾರಣದಿಂದ ವಿಶೇಷ ಬೋಧನೆ ಬೇಕಾಗುವ ಪ್ರತಿಯೊಂದು ಮಗುವಿಗೂ ಅಲ್ಲಿನ ಕಾನೂನಿನಂತೆ ಇಂಥದೊಂದು ಲಿಖಿತ ಯೋಜನೆ ಇರಲೇಬೇಕು. ೨೦೨೨–೨೩ನೆಯ ಸಾಲಿನಲ್ಲಿ ಈ ಕಾನೂನಿನ ಆಶ್ರಯದಲ್ಲಿದ್ದ ಮಕ್ಕಳು ಮತ್ತು ತರುಣರ ಸಂಖ್ಯೆ ಸುಮಾರು ೭೫ ಲಕ್ಷ. ಸರ್ಕಾರಿ ಶಾಲೆಗಳ ವಿದ್ಯಾರ್ಥಿಗಳಲ್ಲಿ ಇದು ಶೇಕಡಾ ೧೫ರಷ್ಟು. ಕ್ಯಾಲಿಫೋರ್ನಿಯ, ಟೆಕ್ಸಾಸ್, ನ್ಯೂಜರ್ಸಿ ಮೊದಲಾದ ಕಡೆಗಳಲ್ಲಿ ನೆಲೆಸಿರುವ ಕನ್ನಡದ ಸಂಸಾರಗಳಲ್ಲಿಯೂ ಇಂತಹ ಮಕ್ಕಳುಂಟು. ಸಭೆಯ ಸುದ್ದಿ ದೂರವಾಣಿಯ ಮೂಲಕ ಮೈಸೂರಿನ ಅಜ್ಜಿಗೂ ತಲುಪುತ್ತದೆ; "ಅದೇನೋ ಹೇಳಿದರಂತೆ, ಇವಳಿಗೆ ನೆನಪಿಲ್ಲವಂತೆ" ಎಂಬಷ್ಟಕ್ಕೆ ಬಹುಮಟ್ಟಿಗೆ ನಿಂತುಬಿಡುತ್ತದೆ.

ನೆನಪಿಲ್ಲದಿರುವುದೇ ಇಲ್ಲಿ ನಾವು ವಿಚಾರಿಸಬೇಕಾದ ಸಂಗತಿ. ಇದು ಶಿಕ್ಷಣಶಾಸ್ತ್ರಕ್ಕೆ ಸೇರಿದ ವಿಷಯವೆಂದು ಮೇಲ್ನೋಟಕ್ಕೆ ತೋರಿದರೂ ಮೂಲದಲ್ಲಿ ಇದು ವೀಕ್ಷಣೆ, ಮಾಪನ, ದಾಖಲೆಗಳ ವಿಷಯ. ಆದುದರಿಂದ ಭೌತಶಾಸ್ತ್ರದ ಅಧ್ಯಾಪಕನೊಬ್ಬ ಇದರಲ್ಲಿ ಬಾಯಿಹಾಕುವುದು ಅಧಿಕಪ್ರಸಂಗವೆನಿಸಲಾರದೆಂದು ನಂಬುತ್ತೇನೆ.

ಮೊದಲು ಈ ಸಭೆ ಹುಟ್ಟಿದ ಬಗೆಯನ್ನು ತಿಳಿದುಕೊಳ್ಳೋಣ. ೧೯೭೫ನೆಯ ನವೆಂಬರ್ ೨೯ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಸಹಿಯೊಂದಿಗೆ ಒಂದು ಶಾಸನ ಜಾರಿಗೆ ಬಂದಿತು. ದೇಶದಲ್ಲಿ ೮೦ ಲಕ್ಷಕ್ಕಿಂತ ಹೆಚ್ಚು ಮಕ್ಕಳಿಗೆ ಒಂದಲ್ಲ ಒಂದು ವೈಕಲ್ಯವಿದೆ, ಅವರಲ್ಲಿ ೧೦ ಲಕ್ಷ ಮಂದಿ ಶಾಲೆಯ ಬಾಗಿಲಿನಿಂದ ಪೂರ್ತಿಯಾಗಿ ಹೊರಗುಳಿದಿದ್ದಾರೆ ಎಂದು ಆ ಶಾಸನವೇ ತನ್ನ ಪೀಠಿಕೆಯಲ್ಲಿ ಒಪ್ಪಿಕೊಂಡಿತ್ತು. ಅದಕ್ಕೆ ಮೂರು ವರ್ಷ ಮೊದಲು, ೧೯೭೨ರಲ್ಲಿ, ಪೆನ್ಸಿಲ್ವೇನಿಯದಲ್ಲಿಯೂ ರಾಜಧಾನಿ ವಾಷಿಂಗ್ಟನ್ನಿನಲ್ಲಿಯೂ ತಾಯ್ತಂದೆಗಳು ನ್ಯಾಯಾಲಯದಲ್ಲಿ ಹೋರಾಡಿ ಗೆದ್ದಿದ್ದರು. ಆ ಹೋರಾಟದ ಫಲವಾಗಿಯೇ ಹೊಸ ಶಾಸನವು ತಾಯ್ತಂದೆಗಳನ್ನು ಸಭೆಯ ಸದಸ್ಯರನ್ನಾಗಿ ಮಾಡಿತು. ಅವರು ಅಲ್ಲಿ ಅತಿಥಿಗಳೂ ಅಲ್ಲ, ಅರ್ಜಿದಾರರೂ ಅಲ್ಲ. ಮೇಜಿನ ಸುತ್ತ ಕುಳಿತ ತಜ್ಞರಿಗೆ ಸಮನಾದವರು. ೧೯೯೦ರಲ್ಲಿ ಶಾಸನದ ಹೆಸರು ಬದಲಾಯಿತು, ೨೦೦೪ರಲ್ಲಿ ತಿದ್ದುಪಡಿಯಾಯಿತು, ಆದರೆ ಈ ಸ್ಥಾನ ಮಾತ್ರ ಬದಲಾಗಲಿಲ್ಲ.

ಕಾನೂನು ಸಮನೆಂದು ಹೇಳಿದ ಮಾತ್ರಕ್ಕೆ ನೆನಪಿನ ಶಕ್ತಿ ಸಮನಾಗುವುದಿಲ್ಲವಷ್ಟೆ. ತಜ್ಞರಿಗೆ ಇದು ಆ ತಿಂಗಳ ಹತ್ತನೆಯ ಸಭೆ. ಬಳಸುವ ಪದಗಳು ಅವರಿಗೆ ನಿತ್ಯದ ಮಾತು. ತಾಯಿಗಾದರೋ ಪ್ರತಿಯೊಂದು ಪದವೂ ಹೊಸದು, ಮೇಲಾಗಿ ಮಾತು ತನ್ನ ಮಗುವಿನದು. ಮನುಷ್ಯನ ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಏಳು, ಹೆಚ್ಚುಕಡಿಮೆ ಎರಡು ಎಂದು ಜಾರ್ಜ್ ಮಿಲ್ಲರ್ ೧೯೫೬ರಲ್ಲಿ ಬರೆದರು. ೨೦೦೧ರಲ್ಲಿ ನೆಲ್ಸನ್ ಕೋವನ್ ಇನ್ನಷ್ಟು ಸೂಕ್ಷ್ಮವಾಗಿ ಪರಿಶೀಲಿಸಿ ಆ ಸಂಖ್ಯೆಯನ್ನು ನಾಲ್ಕರ ಸುಮಾರಿಗೆ ಇಳಿಸಿದರು. ಆತಂಕವಿದ್ದಾಗ ಈ ನಾಲ್ಕರಲ್ಲಿ ಒಂದೆರಡು ಸ್ಥಾನಗಳನ್ನು ಆತಂಕವೇ ಆಕ್ರಮಿಸಿಕೊಳ್ಳುತ್ತದೆ.

ಹಿಡಿದುಕೊಂಡದ್ದಾದರೂ ಉಳಿಯುತ್ತದೆಯೇ? ೧೮೮೫ರಲ್ಲಿ ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ನಡೆಸಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಕಾಲ ಕಳೆದ ಮೇಲೆ ಅದನ್ನೇ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿತಾಯವಾಗುತ್ತದೆಂದು ಅಳೆದ. ಇಪ್ಪತ್ತು ನಿಮಿಷ ಕಳೆದಾಗ ಉಳಿತಾಯ ಶೇಕಡಾ ೫೮. ಒಂದು ಗಂಟೆಗೆ ೪೪. ಒಂದು ದಿನಕ್ಕೆ ೩೪. ಒಂದು ತಿಂಗಳಿಗೆ ೨೧. ಅರ್ಥವಿರುವ ಮಾತು ಇಷ್ಟು ಬೇಗ ಅಳಿಸುವುದಿಲ್ಲ, ನಿಜ. ಆದರೆ ಮೊದಲು ಕಡಿದಾಗಿ ಇಳಿದು ಆಮೇಲೆ ನಿಧಾನವಾಗುವ ಆ ವಕ್ರರೇಖೆಯ ಆಕಾರ ಮಾತ್ರ ಅದೇ. ವೈದ್ಯರು ಹೇಳಿದ ಮಾತಿನ ವಿಷಯವಾಗಿ ನಡೆದ ಅಧ್ಯಯನಗಳನ್ನು ನೆದರ್ಲೆಂಡ್ಸಿನ ರಾಯ್ ಕೆಸೆಲ್ಸ್ ೨೦೦೩ರಲ್ಲಿ ಒಟ್ಟುಗೂಡಿಸಿದರು. ಅವುಗಳ ಪ್ರಕಾರ ಕೇಳಿದ ವಿವರಗಳಲ್ಲಿ ಶೇಕಡಾ ೪೦ರಿಂದ ೮೦ರಷ್ಟನ್ನು ರೋಗಿಗಳು ಒಡನೆಯೇ ಮರೆಯುತ್ತಾರೆ. ನೆನಪಿದೆಯೆಂದು ತಿಳಿದದ್ದರಲ್ಲಿಯೂ ಹೆಚ್ಚುಕಡಿಮೆ ಅರ್ಧ ತಪ್ಪಾಗಿರುತ್ತದೆ. ಶಾಲೆಯ ಸಭೆಯಲ್ಲಿ ಕುಳಿತ ತಾಯ್ತಂದೆಗಳ ಸ್ಥಿತಿ ಇದಕ್ಕಿಂತ ಉತ್ತಮವೆಂದು ಭಾವಿಸಲು ಕಾರಣವಿಲ್ಲ.

ಕಡತ

ಆದಕಾರಣ ಮೊದಲ ಉಪಕರಣ ಒಂದು ಕಡತ. ಎರಡು ಮೂರು ಅಂಗುಲ ದಪ್ಪದ, ಉಂಗುರಗಳುಳ್ಳ ಫೈಲು ಸಾಕು. ತಜ್ಞರ ಪರೀಕ್ಷಾ ವರದಿಗಳು, ಹಿಂದಿನ ವರ್ಷಗಳ ಯೋಜನೆಗಳು, ಮೂರು ತಿಂಗಳಿಗೊಮ್ಮೆ ಬರುವ ಪ್ರಗತಿಪತ್ರಗಳು, ಶಾಲೆಗೆ ಬರೆದ ಪತ್ರಗಳು, ಬಂದ ಉತ್ತರಗಳು, ಇವೆಲ್ಲ ಅದರಲ್ಲಿರಬೇಕು. ವಿಷಯವಾರು ವಿಂಗಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ತಡೆಯಬೇಕೆಂಬುದು ನನ್ನ ಅಭಿಪ್ರಾಯ. ಒಂದೇ ವರದಿಯಲ್ಲಿ ಮಾತಿನ ವಿಷಯವೂ ಓದಿನ ವಿಷಯವೂ ಇದ್ದರೆ ಅದು ಯಾವ ವಿಭಾಗಕ್ಕೆ ಸೇರಬೇಕು? ದಿನಾಂಕಕ್ಕೆ ಈ ಸಂದಿಗ್ಧವಿಲ್ಲ. ಹಳೆಯದು ಕೆಳಗೆ, ಹೊಸದು ಮೇಲೆ; ಪ್ರತಿ ಕಾಗದದ ಮೂಲೆಯಲ್ಲಿ ಸೀಸದಕಡ್ಡಿಯಿಂದ ದಿನಾಂಕ. ಮೂಲಪ್ರತಿಯ ಮೇಲೆ ಬೇರೇನನ್ನೂ ಬರೆಯಬಾರದು, ಗೆರೆ ಎಳೆಯಬಾರದು. ಮೊದಲ ಪುಟದಲ್ಲಿ ಒಂದು ಸೂಚಿ: ದಿನಾಂಕ, ಯಾರಿಂದ ಬಂದದ್ದು, ಏನು, ಒಂದು ಸಾಲಿನ ಸಾರ.

ಇದರೊಂದಿಗೆ ಮಗುವಿನ ಕೈಬರಹದ ಎರಡು ಹಾಳೆಗಳೂ ಇರಲಿ, ಜೂನ್ ತಿಂಗಳದೊಂದು, ಡಿಸೆಂಬರದೊಂದು. ಎರಡನ್ನೂ ಪಕ್ಕಪಕ್ಕದಲ್ಲಿ ಮೇಜಿನ ಮೇಲಿಟ್ಟಾಗ ಹತ್ತು ನಿಮಿಷದ ವಾದ ಉಳಿಯುವುದುಂಟು.

ಶಾಲೆಯಲ್ಲಿರುವ ದಾಖಲೆಗಳನ್ನು ನೋಡುವ ಹಕ್ಕೂ ತಾಯ್ತಂದೆಗಳಿಗುಂಟು. ಕೇಳಿದ ೪೫ ದಿನಗಳೊಳಗಾಗಿ, ಮತ್ತು ಸಭೆಯಿದ್ದರೆ ಅದಕ್ಕೆ ಮೊದಲೇ, ಶಾಲೆ ಅವನ್ನು ತೋರಿಸಬೇಕು. ಯೋಜನೆಯ ಪ್ರತಿಯನ್ನು ಬೆಲೆಯಿಲ್ಲದೆ ಕೊಡಬೇಕು. ಸಭೆಗೆ ಒಂದು ವಾರ ಮೊದಲೇ ಹೊಸ ಯೋಜನೆಯ ಕರಡನ್ನು ಕೇಳಿ ಪಡೆಯುವುದು ಒಳ್ಳೆಯ ಅಭ್ಯಾಸ. ಬರೆದು ಕೇಳಬೇಕು ಎಂಬುದನ್ನು ಹೇಳಬೇಕಾಗಿಲ್ಲವಷ್ಟೆ.

ಬಾಯಿಮಾತಿನಲ್ಲಿ ನಡೆದದ್ದಕ್ಕೂ ಬರಹವುಂಟುಮಾಡುವ ಸುಲಭೋಪಾಯವೊಂದಿದೆ. ಉಪಾಧ್ಯಾಯರೊಡನೆ ದೂರವಾಣಿಯಲ್ಲಿ ಮಾತನಾಡಿದ ದಿನವೇ ಎರಡು ಸಾಲು ಬರೆದು ಕಳುಹಿಸುವುದು: "ಇಂದು ತಾವು ವಾರಕ್ಕೆ ಎರಡು ಬಾರಿ, ಪ್ರತಿಬಾರಿ ೩೦ ನಿಮಿಷ ವಾಕ್‌ಚಿಕಿತ್ಸೆ ನಡೆಯುವುದೆಂದು ಹೇಳಿದಿರೆಂದು ತಿಳಿದುಕೊಂಡಿದ್ದೇನೆ. ತಪ್ಪಿದ್ದರೆ ದಯವಿಟ್ಟು ತಿದ್ದಿರಿ." ಇದರಲ್ಲಿ ಜಗಳದ ಸುಳಿವೇ ಇಲ್ಲ. ಆದರೆ ಮಾತು ಗಾಳಿಯಿಂದ ಕಾಗದಕ್ಕೆ ಇಳಿಯಿತು. ಪ್ರಯೋಗಶಾಲೆಯಲ್ಲಿ ಅಳತೆಗಳನ್ನು ಕೈಗೆ ಸಿಕ್ಕಿದ ಚೀಟಿಯಲ್ಲಿ ಗೀಚಿಕೊಂಡು, ವಾರ ಕಳೆದ ಮೇಲೆ ರೆಕಾರ್ಡ್ ಪುಸ್ತಕಕ್ಕೆ ಇಳಿಸುವ ವಿದ್ಯಾರ್ಥಿಗಳು ಎಲ್ಲ ಕಾಲೇಜುಗಳಲ್ಲಿಯೂ ಇದ್ದಾರೆ. ಅವರ ಗ್ರಾಫುಗಳು ಅನುಮಾನ ಹುಟ್ಟಿಸುವಷ್ಟು ಸರಳರೇಖೆಯಾಗಿರುತ್ತವೆ.

ಗುರಿಗೆ ಒಂದು ಅಳತೆಗೋಲು

ಕಾಗದ ಜೋಡಿಸಿದ್ದಾಯಿತು. ಇನ್ನು ಆ ಕಾಗದದಲ್ಲಿ ಬರೆದಿರುವ ಗುರಿಯ ವಿಚಾರ. ಪ್ರಕೃತ ವಿಷಯದ ತಿರುಳು ಇಲ್ಲಿದೆ.

ಕಾನೂನಿನ ಪ್ರಕಾರ ಯೋಜನೆಯಲ್ಲಿ ಮಗುವಿನ ಈಗಿನ ಮಟ್ಟ, ವರ್ಷಾಂತ್ಯಕ್ಕೆ ತಲುಪಬೇಕಾದ ಅಳೆಯಬಲ್ಲ ಗುರಿಗಳು, ಅವನ್ನು ಅಳೆಯುವ ಬಗೆ, ಪ್ರಗತಿಯನ್ನು ತಾಯ್ತಂದೆಗಳಿಗೆ ತಿಳಿಸುವ ಕಾಲ ಇವೆಲ್ಲ ಇರಬೇಕು. ನೀಡುವ ಸೇವೆ ಯಾವಾಗ ಆರಂಭ, ಎಷ್ಟು ಬಾರಿ, ಎಷ್ಟು ಹೊತ್ತು, ಎಲ್ಲಿ ಎಂಬುದೂ ಇರಬೇಕು. ಆದರೂ "ಬಾಲಕನು ಓದುವುದರಲ್ಲಿ ಸುಧಾರಣೆಯನ್ನು ತೋರುವನು" ಎಂಬಂಥ ವಾಕ್ಯಗಳು ನುಸುಳುವುದುಂಟು. ಇದು ಆಶೀರ್ವಾದ, ಗುರಿಯಲ್ಲ. ಒಂದು ವರ್ಷವಾದ ಮೇಲೆ ಸುಧಾರಣೆಯಾಗಿದೆಯೆಂದು ಒಬ್ಬರು, ಆಗಿಲ್ಲವೆಂದು ಇನ್ನೊಬ್ಬರು ಹೇಳಿದರೆ ಯಾರ ಮಾತೂ ಸುಳ್ಳಾಗಲಾರದು.

ಇದರ ಬದಲು ಹೀಗೆ ಬರೆದರೆ? "ಸೆಪ್ಟೆಂಬರಿನಲ್ಲಿ ಬಾಲಕನು ಮೂರನೆಯ ತರಗತಿಯ, ಹಿಂದೆ ಓದಿರದ ಪಾಠಭಾಗವೊಂದನ್ನು ನಿಮಿಷಕ್ಕೆ ೩೨ ಪದಗಳಂತೆ ತಪ್ಪಿಲ್ಲದೆ ಓದುತ್ತಾನೆ. ೩೬ ವಾರಗಳ ಶಾಲಾವರ್ಷದ ಕೊನೆಗೆ ಅದೇ ಮಟ್ಟದ ಪಾಠಭಾಗವನ್ನು ನಿಮಿಷಕ್ಕೆ ೬೮ ಪದಗಳಂತೆ ಓದುವನು." ಇವು ಉದಾಹರಣೆಗಾಗಿ ಆರಿಸಿಕೊಂಡ ಅಂಕಿಗಳು. ಈಗ ಲೆಕ್ಕ ಹಾಕುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಸಾಧ್ಯ. ೩೬ ವಾರಗಳಲ್ಲಿ ೩೬ ಪದ ಏರಬೇಕು, ವಾರಕ್ಕೆ ಒಂದು. ಹನ್ನೆರಡನೆಯ ವಾರದ ಕೊನೆಗೆ ಬಾಲಕನು ೪೪ರ ಬಳಿ ಇರಬೇಕು. ಚೌಕುಳಿ ಹಾಳೆಯ ಮೇಲೆ ೩೨ರಿಂದ ೬೮ಕ್ಕೆ ಒಂದು ಸರಳರೇಖೆಯನ್ನೆಳೆದು, ವಾರವಾರವೂ ಬಂದ ಅಳತೆಯನ್ನು ಚುಕ್ಕೆಯಾಗಿ ಗುರುತಿಸುತ್ತಾ ಹೋದರೆ, ಯಾವ ಪದವಿಯೂ ಇಲ್ಲದ ತಾಯಿಗೂ ಮಗು ಎಲ್ಲಿದೆಯೆಂಬುದು ಕಣ್ಣಿಗೆ ಕಾಣುತ್ತದೆ.

ಈ ವಿಧಾನ ನನ್ನ ಕಲ್ಪನೆಯಲ್ಲ. ೧೯೭೦ರ ದಶಕದ ಉತ್ತರಾರ್ಧದಿಂದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಡೀನೋ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ಒಂದು ನಿಮಿಷದ ಓದು, ಅದರಲ್ಲಿ ಸರಿಯಾದ ಪದಗಳ ಎಣಿಕೆ. ಇಷ್ಟು ಸುಲಭವಾದ ಅಳತೆ ಏನನ್ನು ತಾನೆ ಹೇಳೀತು ಎಂಬ ಸಂಶಯ ಸಹಜ. ಆದರೆ ಓದುವ ಶಕ್ತಿಯ ದೀರ್ಘ ಪರೀಕ್ಷೆಗಳೊಡನೆ ಇದು ಚೆನ್ನಾಗಿ ಹೊಂದಿಕೊಳ್ಳುವುದು ಕಂಡುಬಂದಿದೆ. ಉಷ್ಣಮಾಪಕವೂ ರೋಗವನ್ನು ಹೇಳುವುದಿಲ್ಲ. ಆದರೂ ಪ್ರತಿದಿನ ಅದನ್ನು ನೋಡಿಯೇ ನೋಡುತ್ತೇವೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಲೋಲಕದ ಒಂದೇ ಆಂದೋಲನದ ಕಾಲವನ್ನಳೆದು ಯಾರೂ ತೃಪ್ತರಾಗುವುದಿಲ್ಲ. ಇಪ್ಪತ್ತನ್ನು ಎಣಿಸಿ ಭಾಗಿಸುತ್ತೇವೆ. ಮಗುವಿನ ಓದು ಲೋಲಕಕ್ಕಿಂತ ಬಹಳ ಚಂಚಲ. ರಾತ್ರಿ ನಿದ್ದೆಗೆಟ್ಟರೆ ಇಳಿಯುತ್ತದೆ, ಪಾಠ ಆನೆಯ ವಿಷಯವಾಗಿದ್ದರೆ ಏರುತ್ತದೆ. ಆದುದರಿಂದ ಮೂರು ಪಾಠಭಾಗಗಳನ್ನು ಓದಿಸಿ ನಡುವಣ ಅಂಕಿಯನ್ನು ತೆಗೆದುಕೊಳ್ಳುವುದು ವಾಡಿಕೆ. ಒಂದು ಚುಕ್ಕೆ ರೇಖೆಯ ಕೆಳಗೆ ಬಿದ್ದರೆ ಗಾಬರಿಯಾಗಬೇಕಾಗಿಲ್ಲ; ಮೇಲೆ ಹಾರಿದರೆ ಹಿಗ್ಗಬೇಕಾಗಿಯೂ ಇಲ್ಲ. ಒಂದರ ಹಿಂದೊಂದು ನಾಲ್ಕು ಚುಕ್ಕೆಗಳು ಕೆಳಗೇ ಇದ್ದರೆ ಬೋಧನೆಯ ಕ್ರಮವನ್ನು ಬದಲಾಯಿಸಬೇಕೆಂಬುದು ಈ ವಿಧಾನದ ರೂಢಿ. ಆಗ ತಾಯ್ತಂದೆಗಳು ವಾರ್ಷಿಕ ಸಭೆಗೆ ಕಾಯಬೇಕಾಗಿಲ್ಲ. ವರ್ಷಕ್ಕೆ ಒಂದು ಎಂಬುದು ಕನಿಷ್ಠ ಮಾತ್ರ. ನಡುವೆ ಯಾವಾಗ ಬೇಕಾದರೂ ಸಭೆ ಸೇರಿಸುವಂತೆ ಅವರು ಕೇಳಬಹುದು. ೨೦೦೪ರ ತಿದ್ದುಪಡಿಗೆ ಮೊದಲು ಪ್ರತಿ ವಾರ್ಷಿಕ ಗುರಿಯನ್ನೂ ಸಣ್ಣ ಸಣ್ಣ ಹಂತಗಳಾಗಿ ಒಡೆದು ಬರೆಯಬೇಕೆಂಬ ನಿಯಮವಿತ್ತು. ಈಗ ಬಹುಪಾಲು ಮಕ್ಕಳ ವಿಷಯದಲ್ಲಿ ಅದು ಕಡ್ಡಾಯವಲ್ಲ. ಹಂತಗಳನ್ನು ಗುರುತಿಸುವ ಕೆಲಸ ಹಾಗಾಗಿ ಮನೆಯ ಚೌಕುಳಿ ಹಾಳೆಯ ಪಾಲಿಗೆ ಬಂದಿದೆ.

ಇಷ್ಟೆಲ್ಲ ಏತಕ್ಕೆಂದು ಕೇಳುವವರು ಎರಡು ಮೊಕದ್ದಮೆಗಳನ್ನು ತಿಳಿದಿರಬೇಕು. ಮೇರಿಲೆಂಡಿನಿಂದ ಬಂದ ಷಾಫರ್ ಮೊಕದ್ದಮೆಯಲ್ಲಿ, ಯೋಜನೆ ಸರಿಯಿಲ್ಲವೆಂದು ಆಕ್ಷೇಪಿಸುವವರೇ ಅದನ್ನು ಸಿದ್ಧಪಡಿಸಿ ತೋರಿಸಬೇಕೆಂದು ೨೦೦೫ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಮುಂದೆ ನ್ಯೂಯಾರ್ಕ್, ನ್ಯೂಜರ್ಸಿಯಂಥ ರಾಜ್ಯಗಳು ತಮ್ಮದೇ ಶಾಸನದಿಂದ ಆ ಹೊರೆಯನ್ನು ಶಾಲೆಯ ಮೇಲೆ ಹೊರಿಸಿದವು. ಉಳಿದೆಡೆ ಸಾಮಾನ್ಯವಾಗಿ ಆಕ್ಷೇಪಿಸುವವರು ತಾಯ್ತಂದೆಗಳೇ ಆದ್ದರಿಂದ ಪುರಾವೆಯ ಹೊರೆಯೂ ಅವರದೇ. ಎರಡನೆಯದು ಕೊಲೊರಾಡೊ ರಾಜ್ಯದ ಎಂಡ್ರೂ ಎಫ್. ಎಂಬ ಬಾಲಕನ ಮೊಕದ್ದಮೆ. ಈತನಿಗೆ ಆಟಿಸಂ ಇತ್ತು. ವರ್ಷದಿಂದ ವರ್ಷಕ್ಕೆ ಆತನ ಯೋಜನೆಯಲ್ಲಿ ಬಹುತೇಕ ಅವೇ ಗುರಿಗಳು ಮರಳಿ ಬರುತ್ತಿದ್ದುದನ್ನು ತಾಯ್ತಂದೆಗಳು ಎತ್ತಿ ತೋರಿಸಿದರು. ಎರಡು ವರ್ಷಗಳ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗಲ್ಲದೆ ಇದು ತಿಳಿಯುವ ಬಗೆ ಹೇಗೆ? ಕೆಳಗಿನ ನ್ಯಾಯಾಲಯವು ಅತ್ಯಲ್ಪಕ್ಕಿಂತ ತುಸು ಹೆಚ್ಚಿನ ಪ್ರಗತಿ ಸಾಕೆಂದಿತ್ತು. ೨೦೧೭ನೆಯ ಮಾರ್ಚ್ ೨೨ರಂದು ಸರ್ವೋಚ್ಚ ನ್ಯಾಯಾಲಯದ ಎಂಟು ನ್ಯಾಯಾಧೀಶರೂ ಒಮ್ಮತದಿಂದ ಆ ಅಳತೆಗೋಲನ್ನು ತಳ್ಳಿಹಾಕಿ, ಮಗುವಿನ ಪರಿಸ್ಥಿತಿಗೆ ತಕ್ಕಷ್ಟು ಎತ್ತರವಾದ ಗುರಿ ಇರಬೇಕೆಂದರು.

ಮೊಕದ್ದಮೆಯ ಮಾತು ಬಂದಿತೆಂದು ಮೇಜಿನ ಆಚೆ ಕುಳಿತವರನ್ನು ಶತ್ರುಗಳೆಂದು ಭಾವಿಸಬಾರದು. ಆ ಉಪಾಧ್ಯಾಯಿನಿಗೂ ಇಪ್ಪತ್ತು ಮಕ್ಕಳ ನೆನಪು ಹೊರಬೇಕಾಗಿದೆ. ಆಕೆಯ ಮರೆವೂ ಎಬ್ಬಿಂಗ್‌ಹೌಸನ ರೇಖೆಯ ಮೇಲೆಯೇ ಇಳಿಯುತ್ತದೆ. ಅಚ್ಚುಕಟ್ಟಾದ ಕಡತವನ್ನು ಕಂಡು ಸಮಾಧಾನಪಡುವ ಉಪಾಧ್ಯಾಯರೇ ಹೆಚ್ಚು.

ಸಭೆಯ ದಿನ ಮಾಡಬೇಕಾದುದು ಸ್ವಲ್ಪ. ಒಂದೇ ಒಂದು ಹಾಳೆಯಲ್ಲಿ ಮೂರು ಮುಖ್ಯ ವಿಷಯಗಳನ್ನು, ಅವಶ್ಯಕತೆಯ ಕ್ರಮದಲ್ಲಿ ಬರೆದುಕೊಂಡು ಹೋಗಬೇಕು. ಹತ್ತು ಬರೆದರೆ ಕಾಲವೆಲ್ಲ ಮೊದಲನೆಯದಕ್ಕೂ ಹತ್ತನೆಯದಕ್ಕೂ ಹಂಚಿಹೋಗಿ ಮಧ್ಯದ ಮುಖ್ಯ ವಿಷಯ ಬಿಟ್ಟುಹೋಗುತ್ತದೆ. ತಾಯ್ತಂದೆಗಳ ಕಳಕಳಿಯನ್ನು ಸಭೆ ಪರಿಗಣಿಸಬೇಕೆಂದು ಕಾನೂನೇ ಹೇಳುವುದರಿಂದ ಆ ಹಾಳೆಯನ್ನು ದಾಖಲೆಗೆ ಸೇರಿಸುವಂತೆ ಕೇಳಬಹುದು. ಇಬ್ಬರು ಹೋಗಿದ್ದರೆ ಒಬ್ಬರು ಮಾತನಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಎರಡನ್ನೂ ಒಬ್ಬರೇ ಮಾಡುವುದು ಆ ನಾಲ್ಕು ಸ್ಥಾನಗಳ ಮನಸ್ಸಿಗೆ ಮೀರಿದ್ದು. ಒಬ್ಬರೇ ಇದ್ದರೆ ಮಗುವನ್ನು ಬಲ್ಲ ಬಂಧುವನ್ನೋ ಸ್ನೇಹಿತರನ್ನೋ ಕರೆದೊಯ್ಯಲು ಅವಕಾಶವಿದೆ. ಇಂಗ್ಲಿಷಿನಲ್ಲಿ ವ್ಯವಹರಿಸಲು ತೊಡಕಾಗುವ ತಾಯಿಗೆ ಸಭೆ ಅರ್ಥವಾಗುವಂತೆ ಶಾಲೆಯೇ ದುಭಾಷಿಯನ್ನು ಒದಗಿಸಬೇಕು. ಕನ್ನಡವೆಂದು ಮೊದಲೇ ತಿಳಿಸಿದ್ದರೆ ಅವರಿಗೂ ಹುಡುಕಲು ಕಾಲ ಸಿಗುತ್ತದೆ. ಧ್ವನಿಮುದ್ರಣದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮುದ್ರಿಸಿಕೊಂಡರೂ ಒಂದು ಗಂಟೆಯ ಧ್ವನಿಯನ್ನು ಮತ್ತೆ ಕೂತು ಕೇಳುವವರು ಕಡಮೆ. ಅರ್ಧ ಪುಟದ ಟಿಪ್ಪಣಿಯನ್ನು ಎಲ್ಲರೂ ಓದುತ್ತಾರೆ. ಹಾಜರಾತಿಗೆ ಸಹಿ ಹಾಕುವುದು ಬೇರೆ, ಯೋಜನೆಗೆ ಒಪ್ಪಿಗೆ ಕೊಡುವುದು ಬೇರೆ. ಅಂದೇ ಒಪ್ಪಿ ಸಹಿ ಮಾಡಬೇಕೆಂದು ಕೇಂದ್ರದ ಕಾನೂನಿನಲ್ಲಿಲ್ಲ. ಮನೆಗೆ ಒಯ್ದು, ಮಗು ಮಲಗಿದ ಮೇಲೆ, ಹಳೆಯ ಯೋಜನೆಯೊಡನೆ ಸಾಲುಸಾಲಾಗಿ ಹೋಲಿಸಿ ನೋಡಬಹುದು.

ನಮ್ಮ ದೇಶದಲ್ಲಿ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು, ವೈಕಲ್ಯವಿರುವ ಪ್ರತಿ ವಿದ್ಯಾರ್ಥಿಯ ಭಾಗವಹಿಸುವಿಕೆಯನ್ನೂ ಪ್ರಗತಿಯನ್ನೂ ಗಮನಿಸುತ್ತಿರುವ ಹೊಣೆಯನ್ನು ವಿದ್ಯಾಸಂಸ್ಥೆಗಳ ಮೇಲೆ ಇರಿಸಿದೆ. ಅಮೆರಿಕೆಯಂತೆ ಪ್ರತಿ ಮಗುವಿಗೂ ಸಭೆ, ಗಡುವು, ಪ್ರತಿ ಎಂಬ ವಿವರವಾದ ಕಟ್ಟಳೆ ಅದರಲ್ಲಿಲ್ಲ. ಆದರೂ ವಿಶೇಷ ಶಾಲೆಗಳು ಇದೇ ಮಾದರಿಯ ಯೋಜನೆಗಳನ್ನು ಬರೆಯುತ್ತವೆ. ಮೈಸೂರಿನ ವಾಕ್‌ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಮಗುವನ್ನು ಕರೆತರುವ ದೂರದ ಊರಿನವರ ಕೈಯಲ್ಲಿ, ಮಡಿಸಿ ಮಡಿಸಿ ಹರಿದ ಚೀಟಿಗಳು ತುಂಬಿದ ಪ್ಲಾಸ್ಟಿಕ್ ಚೀಲವೊಂದಿರುತ್ತದೆ. ಅದರಲ್ಲಿ ಎಲ್ಲವೂ ಇರಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ತಿಳಿಯದು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಕಾಲ ಅಥವಾ ಬರೆಯುವ ಸಹಾಯಕನನ್ನು ಕೇಳುವಾಗ ಬೇಕಾಗುವುದೂ ಇವೇ ಕಾಗದಗಳು. ಕಾನೂನು ಕೇಳದಿದ್ದರೂ ದಿನಾಂಕದ ಕ್ರಮಕ್ಕೆ ತಗಲುವ ಖರ್ಚು ಒಂದು ಸೂಜಿದಾರದ್ದು.

ಬೆಂಗಳೂರಿನಿಂದ ಉದ್ಯೋಗನಿಮಿತ್ತ ಹೊರಡುವವರು ಇಲ್ಲಿನ ವರದಿಗಳನ್ನು ಬಿಟ್ಟುಹೋಗಬಾರದು. ಅಲ್ಲಿನ ಶಾಲೆ ತನ್ನದೇ ಪರೀಕ್ಷೆ ನಡೆಸುತ್ತದೆ. ಒಪ್ಪಿಗೆ ಕೊಟ್ಟ ದಿನದಿಂದ, ರಾಜ್ಯದ ನಿಯಮ ಬೇರೆಯಿಲ್ಲದಿದ್ದರೆ, ೬೦ ದಿನಗಳೊಳಗೆ ಅದು ಮುಗಿಯಬೇಕು. ಅರ್ಹತೆ ನಿಶ್ಚಯವಾದ ೩೦ ದಿನಗಳೊಳಗೆ ಸಭೆ ಸೇರಬೇಕು. ಎರಡನ್ನೂ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡುವುದು ಒಳ್ಳೆಯದು. ಅಲ್ಲಿಯೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗವಾದರೆ, ಹೊಸ ಯೋಜನೆ ಸಿದ್ಧವಾಗುವವರೆಗೆ ಹಳೆಯದಕ್ಕೆ ಹೋಲುವ ಸೇವೆಗಳನ್ನು ಹೊಸ ಶಾಲೆ ಕೊಡಬೇಕು. ಹಳೆಯ ಯೋಜನೆ ಕೈಚೀಲದಲ್ಲಿದ್ದರೆ ಮೊದಲ ದಿನವೇ ಅದನ್ನು ತೋರಿಸಬಹುದು; ಶಾಲೆಯಿಂದ ಶಾಲೆಗೆ ಅಂಚೆಯಲ್ಲಿ ಬರಲೆಂದು ಕಾದರೆ ವಾರಗಳು ಹಿಡಿಯುತ್ತವೆ.

ಮಗುವಿಗೆ ಹದಿನಾರು ತುಂಬುವ ವೇಳೆಗೆ ಯೋಜನೆಯಲ್ಲಿ ಶಾಲೆಯ ನಂತರದ ಬಾಳಿನ ವಿಚಾರವೂ ಸೇರಬೇಕು. ಅದನ್ನು ಚರ್ಚಿಸುವ ಸಭೆಗೆ ವಿದ್ಯಾರ್ಥಿಯನ್ನೂ ಆಹ್ವಾನಿಸಬೇಕು. ಪ್ರಾಪ್ತವಯಸ್ಸು ಬಂದೊಡನೆ ತಾಯ್ತಂದೆಗಳ ಹಕ್ಕುಗಳು ಬಹುಪಾಲು ರಾಜ್ಯಗಳಲ್ಲಿ ವಿದ್ಯಾರ್ಥಿಗೇ ವರ್ಗವಾಗುತ್ತವೆ. ಒಂದು ವರ್ಷ ಮುಂಚಿತವಾಗಿಯೇ ಅದನ್ನು ತಿಳಿಸಬೇಕೆಂಬ ನಿಯಮವಿದೆ. ಆ ಒಂದು ವರ್ಷದಲ್ಲಿ, ಸಾಧ್ಯವಿರುವ ಕಡೆ, ಕಡತದ ಮೊದಲ ಪುಟದ ಸೂಚಿಯನ್ನು ಮಗನೋ ಮಗಳೋ ತನ್ನ ಕೈಯಿಂದಲೇ ಬರೆಯಲು ತೊಡಗಬಹುದು.